ಬಸುರಿಯ ಬಾಯಿ

ಬೀಚ್ ಸ್ಟೇಷನ್ನಿನಲ್ಲಿ ಎಲೆಕ್ಟ್ರಿಕ್ ಟ್ರೈನು ಹತ್ತಿ ಕೂತಾಗಿನಿಂದ ಭೋಜರಾಜನಿಗೆ ತೊಡೆಯ ಮೇಲಿದ್ದ ಸ್ಟೀಲು ಡಬ್ಬದ ಮೇಲೆ ಸಿಟ್ಟು. ಡಬ್ಬ ಏನು ಮಾಡೀತು ಪಾಪ. ಒಳಗಿದ್ದ ಗೋಧಿ ಹಲ್ವದ ತಪ್ಪೂ ಅಲ್ಲ. ಮುಂಜಾನೆ ಎದ್ದು, ನೆನೆದ ಗೋಧಿ ರುಬ್ಬಿ ಹಾಲು ಹಿಂಡಿ, ಬಾಣಲೆಯ ಅಂಚಿನಲ್ಲಿ ತುಪ್ಪ ಬಿಟ್ಟುಕೊಳ್ಳುವವರೆಗೆ ಕೈ ನಿಲ್ಲಿಸದೆ ತೊಳಸಿದವನು ಅವನೇ. ಮದರಾಸಿನ ಕನ್ನಡದವರ ಮದುವೆ ಮುಂಜಿಗಳಲ್ಲಿ ನಲವತ್ತು ವರ್ಷ ಸೌಟು ಹಿಡಿದವನ ಕೈಯಲ್ಲಿ ಹಲ್ವ ಕೆಡುವುದುಂಟೆ? ಬೆರಳಿಗೆ ಅಂಟಬಾರದು, ಹಲ್ಲಿಗೆ ಅಂಟಬೇಕು, ಒಳ್ಳೆಯ ಗೋಧಿ ಹಲ್ವದ ಲಕ್ಷಣ ಅದು ಎಂದು ಅವನಿಗೆ ಕೆಲಸ ಕಲಿಸಿದವರು ಹೇಳಿದ್ದರು. ಹಲ್ಲಿಗೆ ಅಂಟಬೇಕು. ಟ್ರೈನು ಫೋರ್ಟ್ ದಾಟುವಾಗ ಆ ಮಾತು ನೆನಪಾಗಿ ಡಬ್ಬವನ್ನು ಎತ್ತಿ ಕಾಲಬುಡದಲ್ಲಿಟ್ಟ; ತಿನ್ನುವ ಪದಾರ್ಥವನ್ನು ನೆಲಕ್ಕಿಡುವುದೆ ಎಂದು ಮತ್ತೆ ತೊಡೆಗೇ ಏರಿಸಿಕೊಂಡ. ಎದುರು ಕೂತಿದ್ದ ಮಲ್ಲಿಗೆ ಮಾರುವ ಹೆಂಗಸು ಬುಟ್ಟಿಯ ಮೇಲಿನ ಒದ್ದೆ ಬಟ್ಟೆ ಸರಿಮಾಡುತ್ತ, ಯಾರಿಗೆ ಅಯ್ಯಾ, ಮಗಳಿಗಾ ಎಂದು ತಮಿಳಿನಲ್ಲಿ ಕೇಳಿದಳು. ಹೌದೆಂದ. ಎಷ್ಟು ತಿಂಗಳು? ಏಳು. ಚೆನ್ನಾಗಿ ತಿನ್ನಿಸಿ ಎಂದಳು. ಬಸುರಿಯನ್ನು ಕಣ್ಣಿಂದ ನೋಡದವರೂ ಧಾರಾಳವಾಗಿ ಕೊಡಬಲ್ಲ ಸಲಹೆ ಅದೊಂದೇ.

ಮೂರನೇ ತಿಂಗಳಿಗೊಂದು ಡಬ್ಬ, ಐದಕ್ಕೊಂದು, ಏಳಕ್ಕೊಂದು, ತಾಯಿಮನೆಯಿಂದ ಹೋಗಬೇಕು. ಹೀಗೆಂದು ಯಾವ ಶಾಸ್ತ್ರದಲ್ಲಿ ಬರೆದಿದೆಯೋ ಭೋಜರಾಜನಿಗೆ ತಿಳಿಯದು, ಅವನು ಓದಿದ್ದೇ ಮೂರನೇ ಕ್ಲಾಸು. ಬೀಗಿತ್ತಿ ನೀರಜಮ್ಮನವರ ಬಾಯಲ್ಲಿ ಬಂದದ್ದರಿಂದ ಅದು ಶಾಸ್ತ್ರವೇ ಆಗಿರಬೇಕು. ಅವರು ಆಗ್ರಹ ಮಾಡಿ ಕೇಳಿದವರಲ್ಲ. ಮೇಲಿನ ಮನೆಯ ಹುಡುಗಿಗೆ ಅವಳ ಅಪ್ಪ ತಿರುನೆಲ್ವೇಲಿಯಿಂದ ಕೊರಿಯರಿನಲ್ಲಿ ಹಲ್ವ ಕಳಿಸಿದ ಎಂದು ಒಂದು ಸಲ ಹೇಳಿದರು, ನಮಗೇನಪ್ಪ, ನಮ್ಮ ಬೀಗರೇ ಅಡಿಗೆಯವರು, ಸಿಹಿಗೇನು ಕಡಿಮೆ ಎಂದು ನಕ್ಕರು. ಅಷ್ಟೇ. ಹೊಗಳಿಕೆಯನ್ನು ಹೇಗೆ ಹೇಳಿದರೆ ಮೈಗೆ ಮುಳ್ಳು ಚುಚ್ಚುತ್ತದೆ ಎಂಬುದು ದೊಡ್ಡ ಮನೆಯವರಿಗೆ ಗೊತ್ತಿರುತ್ತದೆ. ಅವತ್ತಿನಿಂದ ಭೋಜರಾಜ ಲೆಕ್ಕದ ತಿಂಗಳುಗಳಿಗೆ ಮಾತ್ರವಲ್ಲ, ನಡುವೆ ಬಂದ ಶುಕ್ರವಾರಗಳಿಗೂ ಕೊಬ್ಬರಿ ಮಿಠಾಯಿ, ರವೆಉಂಡೆ, ಹಾಲುಬಾಯಿ ಎಂದು ತಿರುವೊಟ್ಟಿಯೂರಿನಿಂದ ಹೊತ್ತದ್ದೇ ಹೊತ್ತದ್ದು. ಇವತ್ತು ಹೊರಡುವಾಗ ಹೆಂಡತಿ ಮಾಧವಿ ಬಾಗಿಲ ಹತ್ತಿರ ನಿಂತು ಕೇಳಿದ್ದಳು:

"ಮೂರು ದಿನದಿಂದ ಫೋನಿನಲ್ಲಿ ಎಡಗೆನ್ನೆ ಮಾತ್ರ ತೋರಿಸ್ತಾಳೆ ಅವಳು. ಬಲಗೆನ್ನೆ ಎಲ್ಲಿ ಹೋಯ್ತು?"

"ಫೋನು ಹಾಗೆ ಹಿಡ್ಕೊಂಡಿರ್ಬೇಕು."

"ಹೌದು, ನಿಮ್ಮ ಕಣ್ಣಿಗೆ ಹಾಗೇ ಕಾಣುದು. ಉಪ್ಪು ಒಂದು ಚಿಟಿಕೆ ಹೆಚ್ಚಾದ್ರೆ ದೂರದಿಂದಲೇ ಗೊತ್ತಾಗ್ತದೆ ನಿಮಗೆ. ಮಗಳ ಮುಖ ಅರ್ಧ ಕಾಣೆ ಆದ್ರೆ ಗೊತ್ತಾಗುದಿಲ್ಲ. ಹೋಗಿ, ಬೀಗರು ಹಲ್ವಕ್ಕೆ ಕಾಯ್ತಿರ್ತಾರೆ."

ಗೊತ್ತಾಗಿರಲಿಲ್ಲ ಎಂದರೆ ಸುಳ್ಳು. ಎಲೆ ಎತ್ತುವವನಿಗೆ ಗೊತ್ತಾಗದ್ದು ಲೋಕದಲ್ಲಿ ಏನಿದೆ? ಊಟ ಮುಗಿದ ಮೇಲೆ ಎಲೆಯಲ್ಲಿ ಉಳಿದದ್ದನ್ನು ನೋಡಿ ಯಾರಿಗೆ ಸಕ್ಕರೆ ಕಾಯಿಲೆ, ಯಾರಿಗೆ ಸೊಸೆಯ ಮೇಲೆ ಕೋಪ, ಯಾರು ಎರಡು ದಿನದಿಂದ ಉಂಡಿಲ್ಲ ಎಂದು ಅವನು ಹೇಳಬಲ್ಲ. ಐದನೇ ತಿಂಗಳಲ್ಲಿ ಬೀಗರ ಮನೆಗೆ ಹೋದಾಗ ಮಗಳು ಶಾಲಿನಿಯ ತಟ್ಟೆಯಲ್ಲಿ ಕೋಡುಬಳೆ ಹಾಗೇ ಉಳಿದಿತ್ತು, ಹಪ್ಪಳ ಸಾರಿನಲ್ಲಿ ನೆನೆದಿತ್ತು, ಹಾಲುಬಾಯಿ ಮಾತ್ರ ಪೂರ್ತಿ ಹೋಗಿತ್ತು. ಹುಟ್ಟಿದಾಗಿನಿಂದ ಕೋಡುಬಳೆಯ ಸದ್ದು ಕೇಳಿದರೆ ಮೂರು ಕೋಣೆ ದಾಟಿ ಬರುತ್ತಿದ್ದ ಹುಡುಗಿ. ತಟ್ಟೆಯನ್ನು ಕಂಡ, ಅರ್ಥವೂ ಆಯಿತು, ಕೈ ತೊಳೆದು ಬಂದು ಬೀಗರೊಂದಿಗೆ ಪೋರೂರಿನ ಕೆರೆಯಲ್ಲಿ ಈ ವರ್ಷ ನೀರು ಎಷ್ಟಿದೆ ಎಂದು ಮಾತಾಡಿದ. ಆ ಕೆರೆಯನ್ನು ಅವನು ಈವರೆಗೆ ನೋಡಿದ್ದೇ ಇಲ್ಲ. ಅದಕ್ಕೂ ಮುಂಚೆ, ನಾಲ್ಕನೇ ತಿಂಗಳಲ್ಲಿ, ಅವಳೇ ಫೋನು ಮಾಡಿದ್ದಳು. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಬಾಯಿ ಇದ್ದವಳು. ಅಪ್ಪಾ, ದವಡೆ ಹಲ್ಲಿನಲ್ಲಿ ತೂತು ಬಿದ್ದಿದೆ, ಒಸಡಲ್ಲಿ ರಕ್ತ ಬರ್ತಿದೆ, ಹಲ್ಲಿನ ಡಾಕ್ಟರಮ್ಮ ಈಗಲೇ ಸರಿ ಮಾಡಿಸ್ಕೋ, ಇದೇ ಒಳ್ಳೆ ಸಮಯ ಅಂದಿದಾರೆ, ನೀನು ಜೊತೇಲಿ ಬರ್ತೀಯಾ. ಗಂಡನನ್ನು ಕೇಳಿದಳಂತೆ. ಗುರುಚರಣ ಒಳ್ಳೆಯ ಹುಡುಗ, ಅಮ್ಮನ್ನ ಒಂದು ಮಾತು ಕೇಳ್ತೀನಿ ಎಂದನಂತೆ. ಅಮ್ಮ ಅಪ್ಪನನ್ನು ಕೇಳಿದರು, ಅಪ್ಪ ಪಂಚಾಂಗವನ್ನು ಕೇಳಿದರು, ಪಂಚಾಂಗ ಹೆರಿಗೆ ಆದ ಮೇಲೆ ನೋಡೋಣ ಎಂದಿತು. ಇಷ್ಟು ಜನರನ್ನು ದಾಟಿ ಬಂದ ಪ್ರಶ್ನೆ ಕೊನೆಗೆ ಭೋಜರಾಜನ ಹತ್ತಿರ ನಿಂತಾಗ ಅವನು ಹೇಳಿದ್ದು ಏನು? "ಬೀಗರನ್ನು ಬಿಟ್ಟು ನಾವು ಮಾಡಿದ್ರೆ ಚಂದ ಅಲ್ಲ ಮಗಾ." ಸರಿ ಅಪ್ಪ, ಪರವಾಗಿಲ್ಲ ಎಂದಳು. ಆ ಪರವಾಗಿಲ್ಲವನ್ನು ಅವನು ಮೂರು ತಿಂಗಳಿನಿಂದ ನುಂಗುತ್ತಿದ್ದಾನೆ, ಇನ್ನೂ ಗಂಟಲು ಇಳಿದಿಲ್ಲ.

ಎಗ್ಮೋರಿನಲ್ಲಿ ಜನ ನುಗ್ಗಿದರು. ಯಾರೋ ಡಬ್ಬಕ್ಕೆ ಮೊಣಕೈ ತಾಗಿಸಿದರು. ಮಾಧವಿ ಚೊಚ್ಚಲ ಬಸುರಿಯಾಗಿದ್ದಾಗ ತಿರುವೊಟ್ಟಿಯೂರಿನ ಒಂದೇ ಕೋಣೆಯ ಮನೆಯಲ್ಲಿ, ಸಮುದ್ರದ ಉಪ್ಪುಗಾಳಿಗೆ ಗೋಡೆಯ ಸುಣ್ಣ ಉದುರುವಂತೆ, ಅವಳ ಮುಂದಿನ ಎರಡು ಹಲ್ಲು ಅಲ್ಲಾಡಿ ಉದುರಿದವು. ಮಗುವಿಗೊಂದು ಹಲ್ಲು, ಅದು ಲೆಕ್ಕ, ಎಂದಿದ್ದಳು ಅವನ ತಾಯಿ. ಮಗು ಒಂದೇ ಇತ್ತು, ಹಲ್ಲು ಎರಡು ಹೋದವು, ಲೆಕ್ಕ ತಪ್ಪಿತು ಎಂದು ಯಾರೂ ಕೇಳಲಿಲ್ಲ. ಬೇವಿನಕಡ್ಡಿ ಕಹಿ, ಬಸುರಿಗೆ ಕಹಿ ಆಗದು ಎಂದು ತಾಯಿ ಅದನ್ನು ಬಿಡಿಸಿ, ಬೆಲ್ಲದ ಪಾನಕ ಹಿಡಿಸಿದ್ದಳು. ಭೋಜರಾಜ ಆ ಕಥೆಯನ್ನು ತಮಾಷೆ ಮಾಡಿ ಎಷ್ಟು ಅಡಿಗೆಮನೆಗಳಲ್ಲಿ ಹೇಳಿಲ್ಲ. ನಗುವಾಗ ಮಾಧವಿ ಸೆರಗನ್ನು ಬಾಯಿಗೆ ಹಿಡಿಯುತ್ತಾಳೆ. ಎಷ್ಟು ನಾಚಿಕೆ ನನ್ನ ಹೆಂಡತಿಗೆ ಎಂದು ಮೂವತ್ತು ವರ್ಷ ಹೆಮ್ಮೆಪಟ್ಟ. ಮಗಳ ಮದುವೆಯಲ್ಲಿ ಫೋಟೋದವನು ಕೈ ತೆಗೀರಿ ಅಮ್ಮ, ನಗಿ ಎಂದ. ಅವಳು ಕೈ ತೆಗೆದಳು, ತುಟಿ ಮುಚ್ಚಿದಳು. ಆ ಫೋಟೋ ಈಗ ಗೋಡೆಯ ಮೇಲಿದೆ. ನೋಡಿದವರೆಲ್ಲ ಹುಡುಗಿಯ ತಾಯಿ ಎಷ್ಟು ಗಂಭೀರ ಎನ್ನುತ್ತಾರೆ.

ನುಂಗಂಬಾಕ್ಕಂ ಸ್ಟೇಷನ್ನಿನಿಂದ ಬೀಗರ ಮನೆಗೆ ಹತ್ತು ನಿಮಿಷದ ನಡಿಗೆ. ಮೊದಲನೇ ಮಹಡಿ, ಬಾಗಿಲಲ್ಲಿ ರಂಗೋಲಿಯ ಸ್ಟಿಕ್ಕರು. ಬೀಗರಾದ ವಿಷ್ಣುತೀರ್ಥರು ಇನ್ಶೂರೆನ್ಸಿನಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು. ಈಗ ಅವರ ಆಫೀಸೆಂದರೆ ಗೋಡೆಯ ಪಂಚಾಂಗ. ಅದರಲ್ಲಿ ಕೆಂಪು ಪೆನ್ನಿನಿಂದ ಸಣ್ಣ ಸಣ್ಣ ಗುಂಡುಸುತ್ತು: ಪಾಡ್ಯ, ಅಷ್ಟಮಿ, ನವಮಿ, ಏಕಾದಶಿ, ಅಮಾವಾಸ್ಯೆ. ಆ ದಿನಗಳಲ್ಲಿ ಹಲ್ಲುಜ್ಜಬಾರದು, ಹನ್ನೆರಡು ಸಲ ಬಾಯಿ ಮುಕ್ಕಳಿಸಿದರೆ ಸಾಕು. ಹೊಟ್ಟೆಯಲ್ಲಿ ವಂಶದ ಕುಡಿ ಇರುವಾಗ ನಿಯಮ ಸಡಿಲ ಬಿಡಬಾರದೆಂದು ಸೊಸೆಗೂ ಅದನ್ನೇ ಅನ್ವಯಿಸಿದ್ದರು. ಅವರು ಸ್ವತಃ ಯಾವ ತಿಥಿಗೂ ಹಂಗಿನವರಲ್ಲ. ಬಾಯಲ್ಲಿರುವುದು ಪೂರ್ತಿ ಕಟ್ಟಿಸಿದ ಸೆಟ್ಟು. ಅದನ್ನು ದಿನವೂ ಎರಡು ಹೊತ್ತು ತೆಗೆದು, ಮಾತ್ರೆ ಹಾಕಿದ ನೀರಲ್ಲಿ ನೆನೆಸಿ, ಬ್ರಷ್ಷಿನಿಂದ ತಿಕ್ಕುತ್ತಾರೆ. ಶಾಸ್ತ್ರ ಹೇಳುವುದು ಹುಟ್ಟಿದ ಹಲ್ಲಿನ ವಿಷಯ. ಕೊಂಡ ಹಲ್ಲಿಗೆ ಶಾಸ್ತ್ರವಿಲ್ಲ.

"ಬನ್ನಿ ಬನ್ನಿ ಬೀಗರೆ, ಟ್ರೈನಲ್ಲಿ ಕೂಟ್ಟಂ ಜಾಸ್ತಿ ಇತ್ತಾ?" ಎಂದರು ನೀರಜಮ್ಮ. ಕೈ ಡಬ್ಬಕ್ಕೆ ಹೋಗಿತ್ತು. ಮುಚ್ಚಳ ತೆಗೆದು ಮೂಸಿದರು. "ಆಹಾ, ಗಮಗಮ ಅಂತಿದೆ. ನೋಡಿ ಮಾಮಿ, ನಾನು ಹೇಳ್ಲಿಲ್ವಾ?"

ಸೋಫಾದ ಮೇಲೆ ಅಕ್ಕಪಕ್ಕದ ಮನೆಯ ಇಬ್ಬರು ಮಾಮಿಯರು ಕೂತಿದ್ದರು, ಏಳನೇ ತಿಂಗಳ ಸಿಹಿಗೆ ಬಂದವರು. ಅವರ ಎದುರು ಕುರ್ಚಿಯಲ್ಲಿ ಶಾಲಿನಿ. ಬೆನ್ನಿಗೆ ದಿಂಬು, ಮುಡಿಯಲ್ಲಿ ಹೂವು, ಸೆರಗು ಬಲಭುಜದ ಮೇಲಿಂದ ಬಂದು ಕೆನ್ನೆಗೆ ತಾಗಿ ನಿಂತಿತ್ತು. ಸೆಕೆಗೆ ಫ್ಯಾನು ಗರಗರ ತಿರುಗುತ್ತಿದ್ದರೂ ಸೆರಗು ಅಲ್ಲಾಡಲಿಲ್ಲ, ಕೈಯಲ್ಲಿ ಹಿಡಿದಿದ್ದಳು. ಅಪ್ಪನನ್ನು ನೋಡಿ ಕಣ್ಣಿನಿಂದ ಮಾತ್ರ ನಕ್ಕಳು. ಈ ಬಗೆಯ ನಗು ಭೋಜರಾಜನಿಗೆ ಹೊಸದಲ್ಲ.

"ಊಟ ಮಾಡಿದ್ಯಾ ಮಗಾ?"

"ಹ್ಞೂಂ."

"ಎಂತ ಮಾಡಿದ್ರು?"

"ಗಂಜಿ," ಎಂದಳು, ತುಟಿ ಬಿಚ್ಚದಂತೆ.

"ಗಂಜಿಯೇ ಬೇಕು ಅಂತಾಳೆ, ಬಯಕೆ," ಎಂದರು ನೀರಜಮ್ಮ. "ನಾನೇನೂ ಕಡಿಮೆ ಮಾಡಿಲ್ಲ ಸ್ವಾಮಿ. ಹನ್ನೊಂದಕ್ಕೆ ಜ್ಯೂಸು, ನಾಕಕ್ಕೆ ಬಾದಾಮಿ ಹಾಲು, ಮಲಗೋವಾಗ ಕಲ್ಲುಸಕ್ಕರೆ ಹಾಕಿ ಇನ್ನೊಂದು ಲೋಟ. ಬೇಡ ಅಂತ ಒಂದು ದಿನ ಅಂದಿಲ್ಲ ಪಾಪ. ಬಾಯಿಗೆ ಇಟ್ಟಿದ್ದನ್ನ ಬಸುರಿ ಬೇಡ ಅನ್ನಬಾರದು ಅಂತ ಗೊತ್ತು ಅವಳಿಗೆ."

"ಮಲಗುವಾಗ ಹಾಲು ಕುಡಿದ ಮೇಲೆ ಬಾಯಿ ತೊಳೀತಾಳಾ?" ಭೋಜರಾಜ ಕೇಳಿದ. ತನ್ನ ಗಂಟಲಿನಿಂದ ಇಂಥ ಪ್ರಶ್ನೆ ಹೊರಬಂದದ್ದು ಅವನಿಗೇ ಹೊಸದು. ಈ ಮನೆಯಲ್ಲಿ ಅವನು ಇದುವರೆಗೆ ಉತ್ತರ ಮಾತ್ರ ಹೇಳಿದ್ದ.

ನೀರಜಮ್ಮ ಮಾಮಿಯರ ಮುಖ ನೋಡಿದರು. "ದೀಪ ಹಚ್ಚಿದ ಮೇಲೆ ಬಸುರಿ ಸಿಂಕಲ್ಲಿ ಉಗುಳ್ತಾರಾ? ಲಕ್ಷ್ಮಿ ಬರೋ ಹೊತ್ತು. ನಿಮ್ಮ ಕಡೆ ಇಲ್ವೇನೋ ಈ ಪದ್ಧತಿ."

"ಇದೆ, ಇದೆ," ಎಂದ ಅವಸರದಲ್ಲಿ. ಇರಲಿಲ್ಲ. ಆದರೆ ಬೀಗರ ಮನೆಯಲ್ಲಿರುವ ಪದ್ಧತಿ ನಮ್ಮಲ್ಲಿ ಇಲ್ಲವೆಂದರೆ ನಾವು ಪದ್ಧತಿ ಇಲ್ಲದವರು ಎಂದಾಗುತ್ತದೆ. ಮಾತು ಮುಗಿಯುವ ಮೊದಲೇ ನಾಲಿಗೆಯ ಮೇಲೆ ನಾಚಿಕೆ ಕೂತಿತು. ಬಲಗಡೆ ಕೂತ ಮಾಮಿ, ನನಗೆ ಮೂರು ಹೆತ್ತು ಮೂರು ಹಲ್ಲು ಹೋಯ್ತು, ಇದೆಲ್ಲ ಬರುತ್ತೆ ಹೋಗುತ್ತೆ ಎಂದು ತನ್ನ ಬಾಯಿ ತೆರೆದು ಖಾಲಿ ಜಾಗಗಳನ್ನು ಬೆರಳಿನಿಂದ ತೋರಿಸಿದಳು, ಮಕ್ಕಳ ಹೆಸರು ಹೇಳುತ್ತ. ಇದು ಮುರಳೀಧರ, ಇದು ಉಷಾ, ಇದು ಪ್ರಮೋದ್. ಎಡಗಡೆಯವಳು, ಲವಂಗ ಕಚ್ಚಿಕೊಂಡು ಇರಮ್ಮ, ಬಾಯಿಗೆ ಸೂಜಿ ಹಾಕಿಸಿಕೊಂಡರೆ ಮಗುವಿಗೆ ಮಾತು ಬರಲ್ಲ ಎಂದಳು. ವಿಷ್ಣುತೀರ್ಥರು ಇದಕ್ಕೆ ಆಧಾರ ಇದೆಯೇ ಎಂಬಂತೆ ಪಂಚಾಂಗದ ಕಡೆ ನೋಡಿದರು. ಒಂದು ಹೆಣ್ಣಿನ ಬಾಯಿಯ ಬಗ್ಗೆ ಐದು ಜನಕ್ಕೆ ಐದು ಅಭಿಪ್ರಾಯ. ಒಳಗೆ ಏನು ಹಾಕಬೇಕು ಎಂಬುದರಲ್ಲಿ ಎಲ್ಲರೂ ಪಂಡಿತರು, ಒಳಗೆ ಏನಾಗಿದೆ ಎಂದು ನೋಡಿದವರು ಮಾತ್ರ ಒಬ್ಬರೂ ಇಲ್ಲ. ಐದನೆಯವನು ನಾನೇ ಎಂದು ಭೋಜರಾಜ ಅಂದುಕೊಂಡ. ಪೋರೂರು ಕೆರೆಯ ಪಂಡಿತ.

ಐದೂವರೆಗೆ ನೀರಜಮ್ಮ ಹಲ್ವವನ್ನು ಬೆಳ್ಳಿ ತಟ್ಟೆಗೆ ಹಾಕಿ ತಂದರು. ತಾಯಿಮನೆಯ ಸಿಹಿ, ಮೊದಲ ತುತ್ತು ಅಪ್ಪನೇ ಬಾಯಿಗಿಡಬೇಕು. ಒಬ್ಬ ಮಾಮಿ ಫೋಟೋ ತೆಗೆಯಲು ಫೋನು ಎತ್ತಿದಳು. ಭೋಜರಾಜ ಕೈ ತೊಳೆದು ಬಂದು ಒಂದು ತುಂಡು ಎತ್ತಿದ. ಬೆರಳಿಗೆ ಅಂಟಲಿಲ್ಲ. ಹದ ಸರಿಯಾಗಿತ್ತು.

"ಆ ಅನ್ನು," ಎಂದರು ನೀರಜಮ್ಮ. "ಸೆರಗು ತೆಗಿ, ಫೋಟೋಲಿ ಮುಖ ಬರ್ಲಿ."

ಶಾಲಿನಿ ಸೆರಗು ಬಿಟ್ಟಳು. ಬಲಗೆನ್ನೆ ಒಂದು ಸಣ್ಣ ಬನ್ನಿನಷ್ಟು ಊದಿ, ಚರ್ಮ ಬಿಗಿದು ಹೊಳೆಯುತ್ತಿತ್ತು. ಎಲ್ಲರೂ ನೋಡಿದ್ದಾಗಿತ್ತು, ಅವನೊಬ್ಬನೇ ಈಗ ನೋಡಿದ್ದು. ಅವಳು ಬಾಯಿ ತೆರೆದಳು, ಪೂರ್ತಿ ತೆರೆಯಲಿಲ್ಲ, ಎರಡು ಬೆರಳು ಹಿಡಿಸುವಷ್ಟು. ಆ ಸಂದಿನಿಂದ ವಾಸನೆ ಬಂತು. ಲವಂಗದ ವಾಸನೆ, ಅದರ ಕೆಳಗೆ ಇನ್ನೊಂದು. ಹಳಸಿದ ಅನ್ನ, ಹುಳಿತ ಹಿಟ್ಟು, ಮುಗ್ಗಿದ ಬೇಳೆ, ಕೆಟ್ಟ ಕಾಯಿ, ಎಲ್ಲವನ್ನೂ ಮೂಗಿನಿಂದಲೇ ಬೇರೆ ಮಾಡಬಲ್ಲ ಮನುಷ್ಯ ಅವನು. ಇಂಥ ವಾಸನೆ ಬರುವ ಪಾತ್ರೆಯನ್ನು ಅವನು ಯಾವ ಪಂಕ್ತಿಗೂ ಬಿಟ್ಟವನಲ್ಲ. ಎಂಥ ಯಜಮಾನ ಅಡ್ಡ ನಿಂತರೂ ಚೆಲ್ಲಿಸಿಯೇ ಬಿಡುತ್ತಿದ್ದ. ಅವಳ ಕಣ್ಣು ಅವನ ಮೇಲಿತ್ತು. ಇಡು ಅಪ್ಪ, ನುಂಗ್ತೀನಿ ಎನ್ನುವ ಕಣ್ಣು. ನಿನ್ನ ಮರ್ಯಾದೆ ಹೋಗಬಾರದು ಎನ್ನುವ ಕಣ್ಣು. ಅವನಿಗೆ ಒಮ್ಮೆಗೇ ತಿಳಿಯಿತು: ಇಷ್ಟು ತಿಂಗಳು ಅವಳು ತಿಂದದ್ದು ಬೀಗಿತ್ತಿಗೆ ಹೆದರಿ ಅಲ್ಲ. ಡಬ್ಬ ಖಾಲಿಯಾಗದೆ ಉಳಿದರೆ ಅಡಿಗೆಯವನ ಕೈಗೆ ಕೆಟ್ಟ ಹೆಸರು ಬರುತ್ತದೆ ಎಂದು ತಿಂದಳು.

ಕೈ ಹಾಗೇ ನಿಂತಿತು. ಫೋನು ಹಿಡಿದ ಮಾಮಿ ಒಂಚೂರು ಹತ್ರ ಎಂದಳು. ಭೋಜರಾಜ ತುಂಡನ್ನು ತಟ್ಟೆಗೆ ವಾಪಸು ಇಟ್ಟ.

"ಚಪ್ಪಲಿ ಹಾಕ್ಕೋ ಮಗಾ. ಆ ಡಾಕ್ಟರಮ್ಮ ಎಲ್ಲಿದಾರೆ, ತೋರಿಸು."

"ಏನು ಬೀಗರೆ ಇದು," ನೀರಜಮ್ಮನ ದನಿ ಏರಲಿಲ್ಲ, ತಣ್ಣಗಾಯಿತು. "ಶುಕ್ರವಾರ, ದೀಪ ಹಚ್ಚೋ ಹೊತ್ತು, ಮನೆ ಹೆಣ್ಣನ್ನ ಆಚೆ ಕರ್ಕೊಂಡು ಹೋಗ್ತಾರಾ?"

"ನೀವು ದೀಪ ಹಚ್ಚಿ ಅಮ್ಮ. ನಾವು ಬರ್ತೇವೆ."

"ಗುರು ಬರ್ಲಿ, ಅವನನ್ನ ಒಂದು ಮಾತು ಕೇಳಿ—"

"ಬರ್ಲಿ," ಎಂದ ಭೋಜರಾಜ. ನಾಲಿಗೆಗೆ ಇನ್ನೇನಾದರೂ ಹೇಳುವ ಆಸೆಯಿತ್ತು, ನಲವತ್ತು ವರ್ಷದಿಂದ ಪಂಕ್ತಿಯ ಹಿಂದೆ ನಿಂತು ಒಳಗೇ ಆಡಿಕೊಂಡ ಎಷ್ಟೋ ಒಳ್ಳೆ ಮಾತುಗಳಿದ್ದವು. ಒಂದೂ ಬರಲಿಲ್ಲ. ಶಾಲಿನಿ ಆಗಲೇ ಎದ್ದು, ಒಂದು ಕೈ ಸೊಂಟಕ್ಕೆ ಕೊಟ್ಟು, ಬಾಗಿಲಲ್ಲಿ ಚಪ್ಪಲಿ ಹುಡುಕುತ್ತಿದ್ದಳು. ವಿಷ್ಣುತೀರ್ಥರು ಗಂಟಲು ಸರಿಮಾಡಿಕೊಂಡು, ನಾಳೆ ಹತ್ತೂವರೆ ಮೇಲೆ ಹೋದರೆ ಪ್ರಶಸ್ತ ಎಂದರು. ಯಾರೂ ಬೇಡ ಎನ್ನಲಿಲ್ಲ, ಯಾರೂ ನಿಲ್ಲಲೂ ಇಲ್ಲ.

ಕ್ಲಿನಿಕ್ಕು ಔಷಧಿ ಅಂಗಡಿಯ ಪಕ್ಕದಲ್ಲೇ ಇತ್ತು. ಮನೆಯಿಂದ ನೂರು ಹೆಜ್ಜೆ. ಇಷ್ಟು ಹತ್ತಿರವೆಂದು ಭೋಜರಾಜನಿಗೆ ಗೊತ್ತಿರಲಿಲ್ಲ. ಮೂರು ತಿಂಗಳು ಯೋಚಿಸಬೇಕಾದ ದೂರ ಎಂದರೆ ಕನಿಷ್ಠ ಎರಡು ಬಸ್ಸಾದರೂ ಬದಲಿಸಬೇಕು ಅಂದುಕೊಂಡಿದ್ದ. ಹೆಜ್ಜೆ ಹಾಕುವಾಗ ಶಾಲಿನಿ ಅವನ ಮೊಣಕೈ ಹಿಡಿದಿದ್ದಳು. ಅವಳ ಕೈ ಬಿಸಿಯಾಗಿತ್ತು, ಜ್ವರದ ಬಿಸಿ.

ಡಾಕ್ಟರಮ್ಮ ಚಿಕ್ಕ ವಯಸ್ಸಿನ ತಮಿಳು ಹೆಣ್ಣುಮಗಳು. ದೀಪ ಹಾಕಿ ಒಳಗೆ ನೋಡಿ, ಕೀವು ಕೂತಿದೆ, ಇವತ್ತೇ ತೆಗೀಬೇಕು, ಬಿಟ್ಟರೆ ಮೈಗೆಲ್ಲ ಏರುತ್ತೆ, ಮಗುವಿಗೂ ಒಳ್ಳೇದಲ್ಲ ಎಂದಳು. ಮರಗಟ್ಟಿಸುವ ಸೂಜಿಯಿಂದ ಮಗುವಿಗೆ ಏನೂ ಆಗಲ್ಲ, ಇವರ ಹೆರಿಗೆ ಡಾಕ್ಟರಿಗೂ ಈಗಲೇ ಫೋನು ಮಾಡ್ತೀನಿ ಎಂದಳು. ಸಿಟ್ಟು ಮಾಡಲಿಲ್ಲ. ಮಾಡಿದ್ದರೆ ಭೋಜರಾಜನಿಗೆ ಸುಲಭವಾಗುತ್ತಿತ್ತು.

"ನಾಲ್ಕನೇ ತಿಂಗಳಲ್ಲಿ ಬಂದಿದ್ರು, ಬರೆದುಕೊಟ್ಟಿದ್ದೆ. ಆಮೇಲೆ ಯಾಕೆ ಬರ್ಲಿಲ್ಲ?"

ಶಾಲಿನಿ ಅಪ್ಪನ ಕಡೆ ನೋಡಲಿಲ್ಲ. ಅದೇ ಅವನಿಗೆ ಹೆಚ್ಚು ತಾಗಿತು.

"ನಾನು ಬರ್ಲಿಲ್ಲ ಅಮ್ಮ, ಅದಕ್ಕೇ," ಎಂದ ತಮಿಳಿನಲ್ಲಿ.

"ಸಿಹಿ ಜಾಸ್ತಿ ತಿಂತಾರಾ? ಯಾರು ಕೊಡೋದು?"

"ನಾನೇ. ನಾನೇ ಮಾಡಿ ತಂದು ಕೊಡುದು."

ಡಾಕ್ಟರಮ್ಮ ಅವನನ್ನು ಒಮ್ಮೆ ನೋಡಿ, ತಲೆ ಆಡಿಸಿ, ಕಂಪ್ಯೂಟರಿನಲ್ಲಿ ಏನೋ ಒತ್ತಿದಳು. ಅಷ್ಟು ದೊಡ್ಡ ಮಾತನ್ನು ಒಪ್ಪಿಕೊಂಡದ್ದಕ್ಕೆ ಲೋಕದಲ್ಲಿ ಆದದ್ದು ಇಷ್ಟೇ. ಪಕ್ಕದ ಯಂತ್ರದಿಂದ ಒಂದು ಕಾಗದ ಹೊರಬಂತು. ಒಪ್ಪಿಗೆ ಪತ್ರ. ಇದನ್ನು ಭೋಜರಾಜ ಮರೆತಿದ್ದ. ಈಗ ಗಂಡ ಬೇಕು ಎನ್ನುತ್ತಾಳೆ, ಅತ್ತೆ ಬೇಕು ಎನ್ನುತ್ತಾಳೆ, ಇಷ್ಟು ಕುಣಿದು ಬಂದು ಬರಿಗೈಯಲ್ಲಿ ಆ ಮೆಟ್ಟಿಲು ಹತ್ತಬೇಕು. ಅಥವಾ ಅಪ್ಪ ಆದರೂ ನಡೆಯುತ್ತದೆಯೇ? ಜೇಬಿನಲ್ಲಿ ಪೆನ್ನು ತಡಕಿದ, ಸಿಗಲಿಲ್ಲ. ಸಹಿ ಎಂದರೆ ಅವನಿಗೆ ಐದು ನಿಮಿಷದ ಕೆಲಸ, ಭ ಅಕ್ಷರಕ್ಕೆ ಓತ್ವ ಹಾಕುವಾಗ ಕೈ ನಿಲ್ಲುತ್ತಿತ್ತು.

"ಎಲ್ಲಿ ಹಾಕಬೇಕಮ್ಮ? ನಾನು ಹಾಕ್ತೇನೆ. ಇವಳ ಗಂಡನೂ ಬರ್ತಾನೆ, ಆಫೀಸಿಂದ ಹೊರಟಿರ್ತಾನೆ—"

"ನೀವು ಯಾಕೆ ಅಯ್ಯಾ?" ಎಂದಳು ಡಾಕ್ಟರಮ್ಮ, ಕಾಗದವನ್ನು ಅವನ ಮುಂದಿನಿಂದ ದಾಟಿಸಿ ಕುರ್ಚಿಯ ಮೇಲಿದ್ದ ಶಾಲಿನಿಯ ಕೈಗೆ ಕೊಡುತ್ತ. "ಅವರ ಬಾಯಿ. ಅವರು ಹಾಕಿದ್ರೆ ಸಾಕು."

ಶಾಲಿನಿ ಕಾಗದವನ್ನು ಹೊಟ್ಟೆಯ ಮೇಲೇ ಇಟ್ಟುಕೊಂಡು, ಬ್ಯಾಂಕಿನಲ್ಲಿ ದಿನಕ್ಕೆ ನೂರು ಸಲ ಹಾಕುವ ಸಹಿಯನ್ನು ಒಂದೇ ಎಳೆತಕ್ಕೆ ಹಾಕಿದಳು. ಅರ್ಧ ನಿಮಿಷವೂ ಆಗಲಿಲ್ಲ. ಅಪ್ಪ ನೀನು ಹೊರಗೆ ಕೂತಿರು ಎಂದಳು. ನೋವಿನಲ್ಲಿ ಮಾತು ತೊದಲಿದರೂ ಅದು ಅವನು ಬಲ್ಲ ಮಗಳ ದನಿ, ನಾಲ್ಕನೇ ತಿಂಗಳಿಗೂ ಮುಂಚಿನದು.

ಅವನು ಹೊರಗಿನ ಬೆಂಚಿನ ಮೇಲೆ ಕೂತ. ಕೈಯಲ್ಲಿ ಅವಳ ಚೀಲ. ಒಳಗಿನಿಂದ ನೀರು ಸುರಿಯುವ ಸದ್ದು, ಆಮೇಲೆ ಸಣ್ಣ ಯಂತ್ರದ ಸದ್ದು. ಒಂದು ಸಲ ಅವಳು ಮುಲುಗಿದಳು. ಅವನು ಎದ್ದು ನಿಂತ, ಮತ್ತೆ ಕೂತ. ಗೋಡೆಯ ಮೇಲೆ ಯಾರೋ ಸುಂದರಿ ಮೂವತ್ತೆರಡು ಹಲ್ಲೂ ಬಿಟ್ಟು ನಗುತ್ತಿದ್ದಳು. ಬೀದಿಯಲ್ಲಿ ದೀಪ ಹತ್ತಿತು. ಚೀಲದಲ್ಲಿ ಫೋನು ನಡುಗಿತು. ಹೊರತೆಗೆದು ನೋಡಿದ, ಅಳಿಯನ ಫೋಟೋ. ಹಸಿರು ಗುಂಡಿಯನ್ನು ಯಾವ ಕಡೆಗೆ ಎಳೆಯಬೇಕು ಎಂದು ಎರಡು ಸಲ ತಪ್ಪಿ, ಮೂರನೆಯ ಸಲಕ್ಕೆ ಸಿಕ್ಕಿತು.

"ಮಾವ, ಎಲ್ಲಿದೀರಿ? ಮನೇಲಿ ಅಮ್ಮ ಅಳ್ತಿದಾರೆ. ಯಾರನ್ನ ಕೇಳಿ ಕರ್ಕೊಂಡು ಹೋದ್ರಿ ಅಂತ ಅಪ್ಪ ಕೇಳ್ತಿದಾರೆ. ಶಾಲಿನಿಗೆ ಫೋನ್ ಕೊಡಿ, ನಾನು ಮಾತಾಡ್ತೀನಿ."

ಭೋಜರಾಜ ಬಾಗಿಲ ಗಾಜಿನಿಂದ ಒಳಗೆ ನೋಡಿದ. ಬಿಳಿ ದೀಪದ ಕೆಳಗೆ ಅವನ ಮಗಳು ಒರಗಿ ಮಲಗಿದ್ದಳು, ಎರಡು ಕೈಯನ್ನೂ ಹೊಟ್ಟೆಯ ಮೇಲೆ ಇಟ್ಟುಕೊಂಡು.

"ಈಗ ಮಾತಾಡ್ಲಿಕ್ಕೆ ಆಗುದಿಲ್ಲ ಗುರುಚರಣ," ಎಂದ. "ಬಾಯಿ ತೆರ್ಕೊಂಡಿದಾಳೆ. ಒಂದು ಅರ್ಧ ಗಂಟೆ ತಡ್ಕೊಳ್ಳಿ, ಆಮೇಲೆ ಅವಳೇ ಹೇಳ್ತಾಳೆ."